ಆಣೆ ಇಡದ ಮನೆ

ನಮ್ಮ ಮನೆಯಲ್ಲಿ ಬೈಗುಳಕ್ಕೆ ಅಷ್ಟೇನೂ ಶಿಕ್ಷೆ ಇರಲಿಲ್ಲ. ತಮ್ಮನನ್ನು ನಾನು ಕತ್ತೆ ಎಂದರೆ ಅವ್ವ ಒಲೆಯ ಮುಂದೆ ಕೂತಲ್ಲಿಂದಲೇ ಒಂದು ಸಲ ತಿರುಗಿ ನೋಡುತ್ತಿದ್ದಳು, ಅಷ್ಟೆ. ಆದರೆ ‘ದೇವ್ರಾಣೆ’ ಎಂಬ ಮಾತು ಯಾರ ಬಾಯಿಂದಾದರೂ ಬಂದರೆ ಅಪ್ಪ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ತಲೆ ಎತ್ತುತ್ತಿದ್ದ. ದೇವರಾಣೆ, ತಾಯಾಣೆ, ಅನ್ನದಾಣೆ, ಕಣ್ಣಾಣೆ ಯಾವುದೂ ನಮ್ಮ ಹೊಸ್ತಿಲ ಒಳಗೆ ಬರುವಂತಿರಲಿಲ್ಲ. ಆಣೆಯನ್ನೇ ಇಡಬೇಡಿ ಎಂದು ಯೇಸುಸ್ವಾಮಿ ಹೇಳಿದ್ದಾರೆ ಎಂಬುದು ಅಪ್ಪ ಓದಿಕೊಂಡ ಮೊದಲ ಪಾಠಗಳಲ್ಲೊಂದು. ಉಳಿದ ಕೆಲವು ಪಾಠಗಳಲ್ಲಿ ಅವನು ಅಲ್ಲಲ್ಲಿ ಜಾರಿದ್ದನ್ನು ನಾನು ಕಂಡಿದ್ದೇನೆ. ಈ ಒಂದನ್ನು ಮಾತ್ರ ಹಿಡಿದ ಹಿಡಿ ಬಿಡಲಿಲ್ಲ.

“ಅವ್ದು ಅಂದ್ರೆ ಅವ್ದು. ಇಲ್ಲ ಅಂದ್ರೆ ಇಲ್ಲ. ಅದ್ರ ಹಿಂದೆ ಒಂದು ಬಾಲ ಕಟ್ಟಿದ್ರೆ ಆ ಬಾಲ ಸೈತಾನಂದು” ಎನ್ನುತ್ತಿದ್ದ.

ಇದರಿಂದ ನಮಗೆ ಶಾಲೆಯಲ್ಲಿ ಬಹಳ ಕಷ್ಟವಾಗುತ್ತಿತ್ತು. ಕುಂಟೆಬಿಲ್ಲೆಯ ಗೆರೆ ತುಳಿದೆಯೋ ಇಲ್ಲವೋ ಎಂಬ ಜಗಳ ಬಂದಾಗ ಉಳಿದ ಹುಡುಗಿಯರೆಲ್ಲ ನೆತ್ತಿಯ ಮೇಲೆ ಕೈಯಿಟ್ಟು ನಂಜುಂಡಪ್ಪನ ಆಣೆ ಎಂದು ಪಾರಾಗುತ್ತಿದ್ದರು. ನಾನು ‘ನಮ್ಮನೇಲಿ ಇಡಲ್ಲ’ ಎಂದರೆ, ‘ಅಂಗಾದ್ರೆ ನೀನೇ ತುಳ್ದಿರಾದು’ ಎಂದು ತೀರ್ಪಾಗುತ್ತಿತ್ತು. ಗೆರೆ ತುಳಿಯದೆಯೇ ಎಷ್ಟೋ ಆಟ ಸೋತಿದ್ದೇನೆ. ಇವತ್ತಿಗೂ ‘ಖಂಡಿತ’ ಎಂಬ ಮಾತು ನನ್ನ ಬಾಯಿಗೆ ಸಲೀಸಾಗಿ ಬರುವುದಿಲ್ಲ. ‘ಬರುತ್ತೇನೆ’ ಎಂದಷ್ಟೇ ಹೇಳುತ್ತೇನೆ. ಕೇಳಿದವರು ಇವಳು ಬರುವುದಿಲ್ಲ ಎಂದೇ ತಿಳಿಯುತ್ತಾರೆ.

ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವ ಬಸ್ಸಿನಲ್ಲಿ ನಡುದಾರಿಯಲ್ಲಿ ಇಳಿದು, ನಾಲೆಯ ಏರಿ ಹಿಡಿದು ನಡೆದರೆ ನಮ್ಮೂರು. ಮನೆ ಮೂರು ತುಂಡು. ಮುಂದೆ ಜಗಲಿ, ನಡುವೆ ಮಲಗುವ, ಉಣ್ಣುವ, ಪ್ರಾರ್ಥನೆ ಮಾಡುವ ನಡುಮನೆ, ಹಿಂದೆ ಹೊಗೆ ತುಂಬಿದ ಅಡುಗೆಕೋಣೆ. ನಡುಮನೆಯ ಗೋಡೆಗೂಡಿನಲ್ಲಿ, ಬೇರೆಯವರ ಮನೆಗಳಲ್ಲಿ ದೇವರ ಪಟ ಇರುವ ಜಾಗದಲ್ಲಿ, ಹಳದಿ ಬಟ್ಟೆ ಸುತ್ತಿದ ಸತ್ಯವೇದ ಇರುತ್ತಿತ್ತು. ಅದರ ಪಕ್ಕದಲ್ಲಿ ಅಪ್ಪನ ಕನ್ನಡಕ, ತಮ್ಮನ ಕೆಮ್ಮಿನ ಔಷಧಿ, ಅವ್ವನ ಸೂಜಿದಾರ. ಅಪ್ಪ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸೈಕಲ್ಲಿನಲ್ಲಿ ಹೋಗಿ, ಸೈಕಲ್ಲಿನಲ್ಲಿ ಬಂದು, ಕೈಕಾಲು ತೊಳೆದವನೇ ಆ ಗೂಡಿಗೆ ಕೈ ಹಾಕುತ್ತಿದ್ದ. ದಿನಕ್ಕೊಂದು ಅಧ್ಯಾಯ. ವಂಶಾವಳಿಯ ಅಧ್ಯಾಯ ಬಂದರೂ ಬಿಡುತ್ತಿರಲಿಲ್ಲ. ಯಾರು ಯಾರನ್ನು ಪಡೆದರು ಎಂಬುದನ್ನೆಲ್ಲ ಅವನು ಓದಿ ಮುಗಿಸುವಷ್ಟರಲ್ಲಿ ತಮ್ಮ ಚಾಪೆಯ ಮೇಲೆ ನಿದ್ದೆ ಹೋಗಿರುತ್ತಿದ್ದ. ಆಮೇಲೆ ಒಬ್ಬೊಬ್ಬರಾಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡಬೇಕು. ಅವ್ವನ ಪ್ರಾರ್ಥನೆ ಉದ್ದ. ಅಪ್ಪ, ನಾವು, ತವರಿನವರು, ಎಮ್ಮೆ, ಹೊಲದ ಅವರೆ, ಪಕ್ಕದ ಮನೆಯ ಬಸುರಿ, ಎಲ್ಲರೂ ಸರತಿಯಲ್ಲಿ ಬರುತ್ತಿದ್ದರು.

ಸಿಟ್ಟು ಇಟ್ಟುಕೊಂಡು ಸೂರ್ಯ ಮುಳುಗಲು ಬಿಡಬಾರದು ಎಂಬುದನ್ನೂ ಅಪ್ಪ ಅಕ್ಷರಶಃ ಪಾಲಿಸುತ್ತಿದ್ದ. ಗಂಡಹೆಂಡಿರ ಜಗಳವಾದ ದಿನ ಜಗಲಿಯ ಮೇಲೆ ನಿಂತು ಪಡುವಣದ ಕಡೆ ನೋಡುತ್ತ ಒಳಗೆ ಕೂಗುತ್ತಿದ್ದ.

“ಕರುಣಮ್ಮ, ಹೊತ್ತು ಮುಳುಗ್ತಾ ಅದೆ.”

“ಮುಳುಗ್ಲಿ ಬುಡಿ. ಮುದ್ದೆ ತೊಳಸ್ತಾ ಇವ್ನಿ.”

“ಪೂರ್ತಿ ಮುಳುಗೋದ್ರೊಳಗೆ ಒಂದು ಮಾತು ಆಡ್ಬುಡು.”

“ಇವತ್ತು ಮೋಡ. ನಿಮ್ಗೆ ಸೂರ್ಯ ಎಲ್ಲಿ ಕಂಡ?”

ಅಲ್ಲಿಗೆ ಇಬ್ಬರೂ ನಗುತ್ತಿದ್ದರು, ಜಗಳ ಮುಗಿಯುತ್ತಿತ್ತು. ಕರುಣಮ್ಮ ಎಂಬುದು ದೀಕ್ಷಾಸ್ನಾನದಲ್ಲಿ ಬಂದ ಹೆಸರು. ಅವ್ವ ನರಸೀಪುರದವಳು, ತವರಿನವರೆಲ್ಲ ಹಿಂದೂಗಳೇ. ಅವರಿಗೆ ಅವಳು ಕೊನೆಯವರೆಗೂ ಪುಟ್ಟತಾಯಿ. ಅಪ್ಪನ ಹೆಸರು ಸಾಮುವೇಲಪ್ಪ, ಊರಿನ ಬಾಯಲ್ಲಿ ಸಾಮೇಲಪ್ಪ.

ಸಾಮೇಲಪ್ಪ ಸುಳ್ಳು ಹೇಳುವುದಿಲ್ಲ ಎಂಬುದು ಊರಿಗೆ ಒಂದು ಸೌಕರ್ಯವೂ ಹೌದು, ಒಂದು ತಮಾಷೆಯೂ ಹೌದು. ‘ನಾಳೆ ಬತ್ತೀಯಾ’ ಎಂದರೆ ‘ದೇವರ ಚಿತ್ತ ಆದ್ರೆ’ ಎನ್ನುತ್ತಿದ್ದ. ಪಡ್ಡೆ ಹುಡುಗರು ದಾರಿಯಲ್ಲಿ ನಿಲ್ಲಿಸಿ, ‘ನಿನ್ನೆಸ್ರು ಸಾಮೇಲಪ್ಪ ತಾನೆ, ದೇವರ ಚಿತ್ತ ಆದ್ರೆ?’ ಎಂದು ರೇಗಿಸುತ್ತಿದ್ದರು. ಒಮ್ಮೆ ಕಳಲೆ ಕಡೆಯಿಂದ ನಮ್ಮ ಬೀದಿಗೆ ಹೆಣ್ಣು ನೋಡಲು ಬಂದವರು, ಹುಡುಗಿಯ ಗುಣ ಹೇಗೆ ಎಂದು ಜಗಲಿಯ ಮೇಲಿದ್ದ ಅಪ್ಪನನ್ನು ಕೇಳಿದರು. ‘ಒಳ್ಳೇ ಮಗು. ಒಂದ್ಸಲ ಸಿಟ್ಟಲ್ಲಿ ನೀರಿನ ಕೊಡ ಎಸೆದಿದ್ಲು’ ಎಂದ. ಮದುವೆಯೇನೋ ಆಯಿತು, ಆದರೆ ಆ ಹುಡುಗಿಯ ತಾಯಿ ಬಹಳ ಕಾಲ ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ. ಅವ್ವನ ದಾರಿಯೇ ಬೇರೆ. ಅವಳೂ ಸುಳ್ಳು ಹೇಳುತ್ತಿರಲಿಲ್ಲ, ಆದರೆ ಸುಮ್ಮನಿರಲು ಬಲ್ಲವಳಾಗಿದ್ದಳು.

“ಸುಳ್ಳೇಳಬ್ಯಾಡ ಅಂತ ಬರ್ದದೆ. ಕಂಡಿದ್ದೆಲ್ಲ ಒದರು ಅಂತ ಎಲ್ಲಿ ಬರ್ದದೆ, ತೋರ್ಸಿ ನೋಡಾನ” ಎಂದು ಕೇಳುತ್ತಿದ್ದಳು. ಅಪ್ಪ ನಿಜವಾಗಿಯೂ ಹುಡುಕುತ್ತಿದ್ದ.

ಅವರೆಕಾಯಿಯ ಕಾಲ ಬಂದರೆ ಅವ್ವ ಗೌರಮ್ಮಣ್ಣಿಯ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಊರಿನಲ್ಲಿ ಅದು ದೊಡ್ಡಮನೆ. ಹೊಲದಿಂದ ಬಂದ ಕಾಯಿಯನ್ನು ಸುಲಿದು, ಕಾಳು ನೆನೆಸಿ, ಹಿದುಕಿ ಕೊಡುವುದು ಅವಳ ಕೆಲಸ. ಅವ್ವನ ಬೆರಳ ತುದಿಗಳು ಆ ತಿಂಗಳುಗಳಲ್ಲಿ ಸುಕ್ಕಾಗಿ, ಸೊಗಡಿನ ವಾಸನೆ ಹೊಡೆಯುತ್ತಿದ್ದವು. ಸಂಜೆ ಒಂದು ಬಟ್ಟಲು ಹಿದುಕವರೆ ಮಡಿಲಲ್ಲಿ ತರುತ್ತಿದ್ದಳು, ಆ ಸಾರಿನ ಮುಂದೆ ಇನ್ನೊಂದಿಲ್ಲ ಎಂದು ಈಗಲೂ ಹೇಳಬಲ್ಲೆ. ಗೌರಮ್ಮಣ್ಣಿ ಕೆಟ್ಟ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ಮೈದುಂಬ ಸೆರಗು ಹೊದ್ದು ಹೊಲಮನೆ ಎರಡನ್ನೂ ನಡೆಸಿದವಳು. ನಮಗೆ ಹಬ್ಬದಲ್ಲಿ ಒಬ್ಬಟ್ಟು ಕಳಿಸುತ್ತಿದ್ದಳು. ಕ್ರಿಸ್ಮಸ್ಸಿಗೆ ನಮ್ಮ ಮನೆಯ ಕಜ್ಜಾಯವನ್ನು ತೆಗೆದುಕೊಳ್ಳುತ್ತಿದ್ದಳು, ತಿನ್ನುತ್ತಿದ್ದಳೋ ಇಲ್ಲವೋ ನಾನು ನೋಡಿಲ್ಲ.

ಒಂದು ದಿನ ಅವಳು ಎಣ್ಣೆನೀರು ಹಾಕಿಕೊಳ್ಳಲು ಕಿವಿಯ ಕೆಂಪಿನ ಓಲೆಗಳನ್ನು ಬಿಚ್ಚಿ ಗೋಡೆಗೂಡಿನಲ್ಲಿ ಇಟ್ಟಿದ್ದಳಂತೆ. ಬಚ್ಚಲಿನಿಂದ ಬಂದು ನೋಡಿದರೆ ಒಂದೇ ಓಲೆ. ಅದು ಅವಳ ತಾಯಿ ಕೊಟ್ಟಿದ್ದು. ಆ ಹೊತ್ತಿನಲ್ಲಿ ನಡುಮನೆಯಲ್ಲಿ ಅವರೆ ಹಿದುಕುತ್ತ ಕೂತಿದ್ದವಳು ಅವ್ವ ಒಬ್ಬಳೇ. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವ್ವ ನಮ್ಮ ಜಗಲಿಯ ಮೇಲೆ ಕೈ ಒರೆಸಿಕೊಳ್ಳದೆ ಕೂತಿದ್ದಳು. ನಮ್ಮ ಮನೆಗೂ ಮೂರು ಜನ ಬಂದು ಮಡಕೆಗಳಲ್ಲಿ ಕೈ ಹಾಕಿ ನೋಡಿ ಹೋಗಿದ್ದರು. ಸತ್ಯವೇದದ ಹಳದಿ ಬಟ್ಟೆಯನ್ನೂ ಬಿಚ್ಚಿ ಕೊಡವಿದ್ದರು.

ಅಪ್ಪ ಕೆಲಸದಿಂದ ಬಂದ ಕೂಡಲೇ ದೊಡ್ಡಮನೆಗೆ ಕರೆ ಬಂತು. ಗೌರಮ್ಮಣ್ಣಿಯ ಬಾವ ಮಾದಪ್ಪನವರು ಊರಿನ ಯಜಮಾನರು, ನ್ಯಾಯ ಹೇಳುವವರು. ಅವರು ಜಗಲಿಯ ಮೇಲೆ ಕೂತಿದ್ದರು, ಗೌರಮ್ಮಣ್ಣಿ ಬಾಗಿಲ ಮರೆಯಲ್ಲಿ. ನಾನೂ ತಮ್ಮನೂ ಅವ್ವನ ಸೆರಗು ಹಿಡಿದು ಅಂಗಳದಲ್ಲಿ ನಿಂತೆವು. ಇಂಥ ಮಾತು ಬಂದಾಗ ನಮ್ಮೂರಿನಲ್ಲಿ ಒಂದು ಪದ್ಧತಿ. ಒಂದು ಬಿಲ್ಲೆ ಕರ್ಪೂರ ಹಚ್ಚಿಟ್ಟು, ಆಪಾದನೆ ಹೊತ್ತವರು ನಾನು ತೆಗೆದಿಲ್ಲ ಎಂದು ದೇವರ ಹೆಸರು ಹೇಳಿ ಅಂಗೈಯಿಂದ ಅದನ್ನು ಆರಿಸಬೇಕು. ಸುಳ್ಳಾಡಿ ಆರಿಸಿದವರ ಮನೆಯ ದೀಪವೂ ಹಾಗೇ ಆರುತ್ತದೆ ಎಂಬ ನಂಬಿಕೆ. ಆರಿಸಿಬಿಟ್ಟರೆ ಮತ್ತೆ ಯಾರೂ ಒಂದು ಮಾತು ಎತ್ತುವಂತಿಲ್ಲ. ಮಾದಪ್ಪನವರು ನ್ಯಾಯವಂತರೇ. ನಮ್ಮ ದೇವರು ಬೇರೆ ಎಂದು ಅವರಿಗೆ ನೆನಪಿತ್ತು.

“ಕರ್ಪೂರ ಬ್ಯಾಡ ಅಂದ್ರೆ ಬುಡವ್ವ. ನಿಮ್ಮ ದೇವ್ರ ಪುಸ್ತಕ ತಕಬಂದು ಅದ್ರ ಮ್ಯಾಲೇ ಕೈ ಮಡಗು. ಊರು ಒಪ್ಕತದೆ.”

ಅವ್ವ ತಲೆ ಎತ್ತಿಯೇ ಹೇಳಿದಳು.

“ನಾವು ಆಣೆ ಇಡಲ್ಲ ಕಣಪ್ಪ. ನಾನು ತಗಂಡಿಲ್ಲ. ತಗಂಡಿಲ್ಲ ಅಂದ್ರೆ ತಗಂಡಿಲ್ಲ.”

ಜನ ಗುಜುಗುಜು ಎಂದರು. ಮಾದಪ್ಪನವರು ಕೈಯೆತ್ತಿ ಸುಮ್ಮನಾಗಿಸಿ ಅಪ್ಪನ ಕಡೆ ತಿರುಗಿದರು.

“ಸರಿ. ಸಾಮೇಲಪ್ಪ, ನೀನೂ ಆಣೆ ಇಡಬ್ಯಾಡ. ನೀನು ಸುಳ್ಳಾಡಲ್ಲ ಅಂತ ಈ ಊರಿನ ಕಲ್ಗೂ ಗೊತ್ತು. ನನ್ನೆಂಡ್ತಿ ತಗಂಡಿಲ್ಲ ಅಂತ ಒಂದು ಮಾತು ಅನ್ನು, ಇಲ್ಲಿಗೇ ಮುಗ್ಸಾನ.”

ಇಷ್ಟು ವರ್ಷ ನಿಜ ಹೇಳಿದ್ದಕ್ಕೆ ಊರು ಅಪ್ಪನಿಗೆ ಕೊಟ್ಟ ಮರ್ಯಾದೆ ಅದು. ಅಂಥ ಮರ್ಯಾದೆ ಆ ಜಗಲಿಯ ಮುಂದೆ ಇನ್ನೊಬ್ಬರಿಗೆ ಸಿಕ್ಕಿದ್ದನ್ನು ನಾನು ಕಾಣೆ. ಅವ್ವನ ಮುಖ ಸಡಿಲವಾಯಿತು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಪ್ಪ ನೆಲ ನೋಡುತ್ತ ಬಹಳ ಹೊತ್ತು ಯೋಚಿಸಿದ.

“ನಾನು ಆ ಹೊತ್ನಲ್ಲಿ ತಾಂಡ್ಯದಲ್ಲಿದ್ದೆ ಬುದ್ಧಿ. ಕಣ್ಣಲ್ಲಿ ಕಾಣ್ದೇ ಇರದ್ನ ಅವ್ದು ಅನ್ನಕ್ಕೂ ಆಗಲ್ಲ, ಇಲ್ಲ ಅನ್ನಕ್ಕೂ ಆಗಲ್ಲ.”

ಆಮೇಲೆ ಹಿಂದಿನಿಂದ ಒಬ್ಬಳು, ‘ಕಟ್ಕಂಡ ಗಂಡನೇ ಅಂದ ಮ್ಯಾಲೆ ಇನ್ನೇನವ್ವ’ ಎಂದಳು. ಅಪ್ಪನಿಗೆ ತಾನೇನು ಮಾಡಿದೆ ಎಂದು ಆಗಲೂ ಹೊಳೆಯಲಿಲ್ಲ. ದಾರಿಯಲ್ಲಿ ಬರುವಾಗ ತೃಪ್ತಿಯಿಂದಲೇ ಹೇಳಿದ, ‘ನೀನು ಆಣೆ ಇಡದೇ ಇದ್ದದ್ದು ಬಾಳ ಒಳ್ಳೇದಾಯ್ತು’ ಎಂದು. ಅವ್ವ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬೇಗಬೇಗ ಮುಂದೆ ಹೋದಳು.

ಅಪ್ಪನನ್ನು ನಾನು ಇಲ್ಲಿ ಪೆದ್ದನಂತೆ ತೋರಿಸುತ್ತಿದ್ದೇನೆ ಎಂದು ತಮ್ಮ ಆಕ್ಷೇಪಿಸಬಹುದು. ಅಪ್ಪ ಪೆದ್ದನಲ್ಲ. ಮಾತನ್ನು ಅವನು ತೂಕದ ಬಟ್ಟಿನಂತೆ ಬಳಸುತ್ತಿದ್ದ. ಕಂಡದ್ದಕ್ಕಿಂತ ಒಂದು ಗುಂಜಿ ಹೆಚ್ಚಿಗೆ ಇಡಬಾರದು, ಕಡಮೆಯೂ ಇಡಬಾರದು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತಿರುವುದು ಹೆಂಡತಿ ಎಂಬುದು ಅವನಿಗೆ ಲೆಕ್ಕಕ್ಕೆ ಬರಲಿಲ್ಲ. ದೇವರ ವಾಕ್ಯವನ್ನು ನಂಬಿ ನಡೆದವನು ಅದೇ ವಾಕ್ಯದಿಂದ ಮನೆಯವಳ ಮಾನ ಕಳೆದ. ನನಗೆ ಆಗ ಅಪ್ಪನ ಮೇಲೆ ಕೆಟ್ಟ ಕೋಪ ಬಂದಿತ್ತು.

ಅಂದಿನಿಂದ ಅವ್ವ ಅಪ್ಪನೊಡನೆ ಮುದ್ದೆ, ನೀರು, ಸೀಮೆಎಣ್ಣೆ ಇವುಗಳ ಹೊರತು ಮಾತಾಡಲಿಲ್ಲ. ಅಪ್ಪ ಜಗಲಿಯಲ್ಲಿ ನಿಂತು ‘ಹೊತ್ತು ಮುಳುಗ್ತಾ ಅದೆ’ ಎಂದು ಕೂಗಿದರೆ ಒಳಗಿನಿಂದ ಉತ್ತರವೇ ಇಲ್ಲ. ಹೊತ್ತು ಮುಳುಗುತ್ತಿತ್ತು. ಅವನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಒಳಗೆ ಬರುತ್ತಿದ್ದ. ಪ್ರಾರ್ಥನೆಗೆ ಅವ್ವ ತಪ್ಪದೆ ಕೂರುತ್ತಿದ್ದಳು. ನಾವು, ತವರಿನವರು, ಎಮ್ಮೆ, ಅವರೆ, ಪಕ್ಕದ ಮನೆಯ ಬಸುರಿ ಎಲ್ಲರೂ ಬರುತ್ತಿದ್ದರು. ಅಪ್ಪ ಬರುತ್ತಿರಲಿಲ್ಲ. ಬಸುರಿಯ ಹೆಸರೂ ಮುಗಿದು ಆಮೆನ್ ಬಂದಾಗ ಅಪ್ಪ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ, ಏಕೆಂದರೆ ನಾನೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ.

ಹೊರಗೆ ಇನ್ನೂ ಕಷ್ಟ. ಅವರೆ ಹಿದುಕಲು ಯಾರ ಮನೆಯಿಂದಲೂ ಕರೆ ಬರಲಿಲ್ಲ. ನಲ್ಲಿಯ ಹತ್ತಿರ ಅವ್ವ ಹೋದರೆ ಹೆಂಗಸರು ತಮ್ಮ ಬಿಂದಿಗೆಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಸುದ್ದಿ ನರಸೀಪುರಕ್ಕೂ ಮುಟ್ಟಿ ಒಂದು ದಿನ ಸೋದರಮಾವ ಬಂದ. ಅಪ್ಪ ಕೆಲಸಕ್ಕೆ ಹೋಗಿದ್ದ. ಮಾವ ಚಪ್ಪಲಿ ಬಿಡದೆ ಜಗಲಿಯ ತುದಿಯಲ್ಲೇ ಕೂತ.

“ನಡಿಯವ್ವ ಪುಟ್ಟತಾಯಿ. ನಮ್ಮ ನರಸಿಂಹಸ್ವಾಮಿ ಮುಂದೆ ಒಂದು ಕರ್ಪೂರ ಆರಿಸ್ಬುಡು. ಎಲ್ರ ಬಾಯಿ ಮುಚ್ತದೆ.”

“ಆರಿಸಕ್ಕೆ ನಂಗೇನು ಭಯ ಇಲ್ಲಣ್ಣ. ಆದ್ರೆ ಇಡಲ್ಲ ಅಂತ ಒಪ್ಕಂಡು ಬಂದಿವ್ನಿ. ಗಂಡನ್ಗೋಸ್ಕರ ಒಪ್ಕಂಡಿದ್ದಲ್ಲ ಅದು.”

“ಅಂಗಾರೆ ಮಕ್ಳ ಕರ್ಕಂಡು ಬಂದ್ಬುಡು. ನಿನ್ನ ನಂಬ್ದೇ ಇರೋನ ಮನೇಲಿ ಏನದೆ?”

ಅವ್ವ ತಮ್ಮನನ್ನು ಹತ್ತಿರಕ್ಕೆ ಎಳೆದು ಕೂರಿಸಿಕೊಂಡಳು.

“ಈ ಭಾನುವಾರ ಕಳೀಲಿ, ಬತ್ತೀನಿ” ಎಂದಳು.

ನಮ್ಮ ಮನೆಯಲ್ಲಿ ಬರುತ್ತೇನೆ ಎಂದರೆ ಬರುವುದೇ. ಮಾವ ಹೋದ ಮೇಲೆ ಅವಳು ಟ್ರಂಕನ್ನು ಎಳೆದು ಬಟ್ಟೆಗಳನ್ನು ಮಡಿಸತೊಡಗಿದಳು. ನನ್ನ ಎರಡು ಲಂಗ, ತಮ್ಮನ ಚಡ್ಡಿಗಳು, ತನ್ನ ಮದುವೆಯ ಸೀರೆ. ನಾನು ಯಾವ ಶಾಲೆಗೆ ಹೋಗಬೇಕಾಗುತ್ತದೋ ಎಂದು ಯೋಚಿಸುತ್ತ ಪಕ್ಕದಲ್ಲಿ ಕೂತಿದ್ದೆ. ಅಪ್ಪ ಬಂದು ಟ್ರಂಕನ್ನು ನೋಡಿದ. ಏನೂ ಕೇಳಲಿಲ್ಲ. ಕೇಳಿದರೆ ಅವಳು ನಿಜ ಹೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

ಭಾನುವಾರ ನಂಜನಗೂಡಿನ ಚರ್ಚಿಗೆ ಹೋಗಿ ಬಂದೆವು. ಕಪಿಲೆಯ ಸೇತುವೆ ದಾಟುವಾಗ ಬಸ್ಸಿನವರೆಲ್ಲ ಗೋಪುರದ ಕಡೆ ಕೈಮುಗಿದರು, ಅಪ್ಪ ಅವ್ವ ಬೇರೆ ಬೇರೆ ಸೀಟಿನಲ್ಲಿ ತಂತಮ್ಮ ಮಡಿಲು ನೋಡುತ್ತ ಕೂತಿದ್ದರು. ಭಾನುವಾರ ನಮ್ಮಲ್ಲಿ ಕೋಳಿಸಾರು. ಊಟಕ್ಕೆ ಕೂತಾಗ, ಚರ್ಚಿನ ಅಯ್ಯನವರು ಪ್ರಸಂಗದಲ್ಲಿ ಏನು ಹೇಳಿದರು ಎಂದು ಅಪ್ಪ ಮಕ್ಕಳನ್ನು ಕೇಳುವುದು ರೂಢಿ. ಹೇಳದವರಿಗೆ ಸಾರು ತಡವಾಗಿ ಬೀಳುತ್ತಿತ್ತು. ಅಂದೂ ಕೇಳಿದ. ನನಗೆ ನೆನಪಿರಲಿಲ್ಲ. ಬಡಿಸುತ್ತಿದ್ದ ಅವ್ವ ಸೌಟು ಹಿಡಿದೇ ನಿಂತಳು.

“ನಾನೇಳ್ತೀನಿ. ಕಾಣದೇ ಇರದ್ನ ನಿಜ ಅಂತ ಇಡ್ಕಳದೇ ನಂಬ್ಕೆ ಅಂದ್ರು.”

“ಅವ್ದು” ಎಂದ ಅಪ್ಪ.

“ದೇವ್ರನ್ನ ನೀವು ಕಣ್ಣಲ್ಲಿ ಕಂಡಿದ್ದೀರಾ?”

“ಇಲ್ಲ.”

“ಕಾಣ್ದೇ ಇದ್ರೂ ದೇವ್ರು ಅವ್ನೆ ಅಂತ ಬಸ್ಸಲ್ಲಿ ಕೂತೋರ್ಗೂ ಸಾಕ್ಷಿ ಏಳ್ತೀರಿ. ನನ್ನ ಕಾಣ್ತಾನೇ ಇದ್ದೀರಲ್ಲ ಮದ್ವೆಯಾದಾಗಿಂದ. ಒಂದೇ ಒಲೆ, ಒಂದೇ ಚಾಪೆ. ನನ್ಗೆ ಒಂದು ಮಾತು ಸಾಕ್ಷಿ ಏಳಕ್ಕೆ ನೀವು ಆ ಗೂಡಿನ ಮುಂದೆ ನಿಂತು ನೋಡ್ಬೇಕಾಗಿತ್ತಾ?”

ಅವಳು ಅಳುತ್ತಿರಲಿಲ್ಲ. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಪ್ಪ ಸತ್ಯವೇದದ ಗೂಡಿನ ಕಡೆ ನೋಡಿದ, ಅಲ್ಲಿ ಉತ್ತರ ಇದ್ದರೆ ಅದು ಅವ್ವನ ಕಡೆಗೇ ಇತ್ತು. ಮುದ್ದೆಯನ್ನು ಮುರಿದಲ್ಲೇ ಬಿಟ್ಟು ಎದ್ದು ಕೈ ತೊಳೆದ. ಭಾನುವಾರದ ಬಿಳಿ ಅಂಗಿಯನ್ನು ಮತ್ತೆ ತೊಟ್ಟುಕೊಂಡ.

“ನಡಿ” ಎಂದ.

ಅವ್ವ ಸೌಟು ಇಟ್ಟು ಹೊರಟಳು. ನಾವೂ ಹಿಂದೆ ಹೋದೆವು. ದೊಡ್ಡಮನೆಯ ಜಗಲಿಯಲ್ಲಿ ಮಾದಪ್ಪನವರು ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಗೌರಮ್ಮಣ್ಣಿ ಬಾಗಿಲಿಗೆ ಬಂದಳು. ಅವಳ ಒಂದು ಕಿವಿಯಲ್ಲೂ ಓಲೆ ಇರಲಿಲ್ಲ. ನಮ್ಮನ್ನು ಕಂಡು ಬೀದಿಯವರು ಒಬ್ಬೊಬ್ಬರೇ ಬಂದು ಸೇರಿದರು.

“ನನ್ನೆಂಡ್ತಿ ಓಲೆ ತಗಂಡಿಲ್ಲ ಬುದ್ಧಿ” ಎಂದ ಅಪ್ಪ. ಎಲ್ಲರಿಗೂ ಕೇಳುವ ಹಾಗೆ, ಅಧ್ಯಾಯ ಓದುವ ದನಿಯಲ್ಲೇ ಹೇಳಿದ.

“ಅವತ್ತು ಗೊತ್ತಿಲ್ಲ ಅಂದಲ್ಲಪ್ಪ.”

“ಅಂದೆ.”

“ಈಗ ನೀನು ಕಂಡಿದ್ದೇನು?”

“ಹೊಸ್ದಾಗೇನೂ ಕಂಡಿಲ್ಲ. ಅವ್ಳು ತಗಂಡಿಲ್ಲ.”

ಮಾದಪ್ಪನವರು ನಿಟ್ಟುಸಿರು ಬಿಟ್ಟರು.

“ಅವತ್ತು ನಿನ್ನ ಬರೀ ಮಾತೇ ಸಾಕಾಗಿತ್ತು ಸಾಮೇಲಪ್ಪ. ಇವತ್ತು ಸಾಲದು. ಎಂಡ್ತಿ ಕಾಟ ತಡೀನಾರ್ದೆ ಬಂದವ್ನೆ ಅಂತಾರೆ ಜನ. ಅಂಗೇನೂ ಇಲ್ಲ ಅಂದ್ರೆ, ಅವ್ಳ ಪರವಾಗಿ ನೀನು ಆರಿಸ್ಬುಡು.”

ಗೌರಮ್ಮಣ್ಣಿ ಒಳಗೆ ಹೋಗಿ ವೀಳ್ಯದೆಲೆಯ ಮೇಲೆ ಕರ್ಪೂರ ಇಟ್ಟು ತಂದಳು. ಜಗಲಿಯ ಅಂಚಿನಲ್ಲಿಟ್ಟು ಕಡ್ಡಿ ಗೀರಿದಳು. ಬಿಸಿಲಿನಲ್ಲಿ ಆ ಉರಿ ಸರಿಯಾಗಿ ಕಾಣುತ್ತಲೂ ಇರಲಿಲ್ಲ, ಕಪ್ಪು ಹೊಗೆ ಮಾತ್ರ ಏಳುತ್ತಿತ್ತು. ಅಪ್ಪ ಅದನ್ನು ನೋಡಿದ. ಆಮೇಲೆ ಅಂಗಿಯ ಬಲತೋಳನ್ನು ಮೇಲಕ್ಕೆ ಸರಿಸಿಕೊಂಡು ಬಗ್ಗಿದ. ಆಣೆ ಎಂದರೆ ತುತ್ತು ಬಿಡುತ್ತಿದ್ದವನು ಆ ಉರಿಯ ಮೇಲೆ ಅಂಗೈ ಚಾಚಿದ. ಅವನು ಆರಿಸುತ್ತಿದ್ದ, ಅದರಲ್ಲಿ ನನಗೆ ಸಂಶಯವಿಲ್ಲ.

ಅವ್ವ ಅವನ ಮಣಿಕಟ್ಟು ಹಿಡಿದಳು.

“ಬುಡಿ” ಎಂದಳು. “ಬ್ಯಾಡ. ನಂಗೆ ಕೇಳುಸ್ತು.”

“ಅವ್ರಿಗೆ?”

“ಅವ್ರಿಗೆ ಬ್ಯಾಡ ಬುಡಿ.”

ಕರ್ಪೂರ ತನ್ನಷ್ಟಕ್ಕೆ ಉರಿದು ಮುಗಿಯುವವರೆಗೂ ಅವಳು ಅವನ ಕೈ ಬಿಡಲಿಲ್ಲ. ಊರ ಮುಂದೆ ಗಂಡನ ಕೈಯನ್ನು ಹಾಗೆ ಹಿಡಿದುಕೊಳ್ಳುವುದು ನಮ್ಮ ಕಡೆ ಇರಲಿಲ್ಲ, ಒಂದಿಬ್ಬರು ಮುಖ ತಿರುಗಿಸಿಕೊಂಡರು. ಆಮೇಲೆ ನಾಲ್ವರೂ ಮನೆಗೆ ಬಂದು ಆರಿದ ಸಾರಿನಲ್ಲಿ ಮುದ್ದೆ ಉಂಡೆವು. ಮಾರನೆಯ ದಿನ ಬಂದ ಸೋದರಮಾವನಿಗೆ ಅವ್ವ, ‘ಬತ್ತೀನಿ ಅಂದಿದ್ದೆ, ಬತ್ತೀನಿ’ ಎಂದು ಅವನ ಜೊತೆ ಹೋಗಿ, ತವರಿನಲ್ಲಿ ಒಂದು ರಾತ್ರಿ ಉಳಿದು ವಾಪಸ್ಸು ಬಂದಳು.

ಊರು ಏನನ್ನೂ ತೀರ್ಮಾನಿಸಲಿಲ್ಲ. ಓಲೆ ಸಿಗಲಿಲ್ಲ, ಇನ್ನೊಬ್ಬ ಕಳ್ಳನೂ ಸಿಗಲಿಲ್ಲ. ಮುಂದಿನ ಅವರೆಯ ಕಾಲಕ್ಕೆ ಬೇರೆ ಮನೆಗಳಿಂದ ಕರೆ ಬರತೊಡಗಿತು, ದೊಡ್ಡಮನೆಯಿಂದ ಬರಲಿಲ್ಲ. ಗೌರಮ್ಮಣ್ಣಿ ಸಾಯುವವರೆಗೂ ಅವ್ವನೇ ತೆಗೆದದ್ದು ಎಂದು ನಂಬಿದ್ದಳು ಎಂದು ಕೇಳಿದ್ದೇನೆ. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಊರಿಗೆ ಹೋದಾಗ ಹಳೆಯ ತಲೆಗಳು ಯಾರಾದರೂ, ಅದೇನಾಗಿತ್ತು ಆವತ್ತು, ನಿಜ ಹೇಳು ಎಂದು ನನ್ನನ್ನು ಕೇಳುವುದುಂಟು. ನಾನು ಆ ಹೊತ್ತಿನಲ್ಲಿ ಶಾಲೆಯಲ್ಲಿದ್ದೆ. ಆ ಗೂಡನ್ನೂ ನೋಡಿಲ್ಲ, ಓಲೆಯನ್ನೂ ನೋಡಿಲ್ಲ. ನನ್ನವ್ವ ತೆಗೆದಿಲ್ಲ.